ಯಾರ ಪೈಕಿ ನೀನು? ಗೇಮು ಮತ್ತು ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡಿನ ನಲವತ್ತು ವರ್ಷದ ಕಥೆ

ನಮ್ಮ ಹೊಸಪೇಟೆ, ಕಂಪ್ಲಿ, ಸಂಡೂರು ಕಡೆ ಹೊಸಬರು ಯಾರಾದರೂ ಊರಿಗೆ ಬಂದರೆ, ಹೆಸರು ಕೇಳುವ ಮೊದಲೇ ಕಟ್ಟೆ ಮೇಲೆ ಕೂತವರು ಕೇಳುವ ಪ್ರಶ್ನೆ ಒಂದಿದೆ: "ಯಾರ ಪೈಕಿ?" ನಿನಗೇನು ಕೆಲಸ ಬರುತ್ತೆ, ಏನು ಓದಿದ್ದೀಯ ಅನ್ನೋದೆಲ್ಲ ಆಮೇಲೆ. ಮೊದಲು ನೀನು ಯಾರ ಮನೆಯವನು ಅನ್ನೋದು ಗೊತ್ತಾಗಬೇಕು. ಗೊತ್ತಾದರೆ ಚಹಾ ಬರುತ್ತೆ. ಗೊತ್ತಾಗದಿದ್ದರೆ ಹೊಸಬ ಒಂದು ಮೂಲೇಲಿ ನಿಂತೇ ಇರಬೇಕು.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಯಾವುದಾದರೂ ದೊಡ್ಡ ಗೇಮು ಶುರು ಮಾಡಿದಾಗ ಅದು ಒಳಗೆ ಕೇಳುವುದೂ ಇದೇ ಪ್ರಶ್ನೆ. ನಿಮ್ಮ ಗ್ರಾಫಿಕ್ಸ್ ಚಿಪ್ಪಿಗೆ ಅದು, "ನೀನು ಯಾರ ಪೈಕಿ?" ಅನ್ನುತ್ತೆ. ಉತ್ತರ ಹಿಡಿಸದಿದ್ದರೆ "ನಿಮ್ಮ ಗ್ರಾಫಿಕ್ಸ್ ಕಾರ್ಡ್ ಪತ್ತೆಯಾಗಲಿಲ್ಲ", "ವಿಡಿಯೊ ಮೆಮೊರಿ ಸಾಲದು" ಅಂತ ಒಂದು ಡಬ್ಬಿ ಎದುರಿಗೆ ಬರುತ್ತೆ. ಲ್ಯಾಪ್‌ಟಾಪಿನ ಅಂಗೈ ಇಡುವ ಜಾಗದಲ್ಲಿ ಎನ್‌ವಿಡಿಯಾದ ಹಸಿರು ಸ್ಟಿಕ್ಕರ್ ಹೊಳೀತಾ ಇರುತ್ತೆ. ಆ ಸ್ಟಿಕ್ಕರಿನ ಸಲುವಾಗಿಯೇ ನಾವು ಹದಿನೈದು ಇಪ್ಪತ್ತು ಸಾವಿರ ಹೆಚ್ಚು ಕೊಟ್ಟಿರ್ತೀವಿ. ಗೇಮು ಮಾತ್ರ ಕಾರ್ಡೇ ಇಲ್ಲ ಅನ್ನುತ್ತೆ.

ಇದನ್ನ ಸರಿ ಮಾಡುವ ದಾರಿ ಹೇಳಿಕೊಡುವ ವಿಡಿಯೊಗಳು ಸಾವಿರ ಇವೆ. ಹೀಗ್ಯಾಕೆ ಆಗುತ್ತೆ ಅಂತ ಹೇಳುವವರು ಕಡಿಮೆ. ಆ ಕಾರಣ ಸೆಟ್ಟಿಂಗ್ಸಿನಲ್ಲಿ ಸಿಗಲ್ಲ, ಚರಿತ್ರೆಯಲ್ಲಿ ಸಿಗುತ್ತೆ.

1981ರಲ್ಲಿ ಐಬಿಎಂ ತನ್ನ ಮೊದಲ ಪರ್ಸನಲ್ ಕಂಪ್ಯೂಟರ್ ಮಾರಾಟಕ್ಕೆ ತಂದಾಗ ಅದಕ್ಕೆ ಎರಡು ಬಗೆಯ ಡಿಸ್‌ಪ್ಲೇ ಕಾರ್ಡ್ ಇದ್ದವು. ಒಂದು ಬರೀ ಅಕ್ಷರ ತೋರಿಸುವ ಎಂಡಿಎ, ಇನ್ನೊಂದು ಬಣ್ಣ ತೋರಿಸುವ ಸಿಜಿಎ. ಸಿಜಿಎಯಲ್ಲಿ ಚಿತ್ರ ಬಿಡಿಸುವಾಗ ಸಾಮಾನ್ಯವಾಗಿ ಸಿಗುತ್ತಿದ್ದದ್ದು ನಾಲ್ಕೇ ಬಣ್ಣ. 1984ರಲ್ಲಿ ಹದಿನಾರು ಬಣ್ಣದ ಇಜಿಎ ಬಂತು, 1987ರಲ್ಲಿ 256 ಬಣ್ಣದ ವಿಜಿಎ. ಹಳೇ ಕಾರ್ಡು ಇದ್ದವರು ಅದನ್ನೇನೂ ಎಸೆಯಲಿಲ್ಲ. ಹಾಗಾಗಿ ಗೇಮು ಬರೆಯುವವನಿಗೆ ತನ್ನ ಗೇಮು ಯಾರ ಮನೆಯ ಯಾವ ಕಾರ್ಡಿನ ಮೇಲೆ ಓಡುತ್ತೆ ಅನ್ನೋದೇ ಗೊತ್ತಿರುತ್ತಿರಲಿಲ್ಲ.

ಅವನು ಕಂಡುಕೊಂಡ ಉಪಾಯ ಸರಳ: ಆಡುವವನನ್ನೇ ಕೇಳಿಬಿಡುವುದು. ನಮ್ಮ ಪೀಳಿಗೆಯವರು ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ, ಮೇಷ್ಟ್ರು ಆ ಕಡೆ ತಿರುಗಿದಾಗ ಆಡಿದ ಡೇಂಜರಸ್ ಡೇವ್ ನೆನಪಿದೆಯಲ್ಲ? ಆ ಕಾಲದ ಡಾಸ್ ಗೇಮುಗಳಲ್ಲಿ ಹೆಚ್ಚಿನವು ಶುರುವಿನಲ್ಲೇ ಕಪ್ಪು ಪರದೆ ಮೇಲೆ ಸಿಜಿಎ, ಇಜಿಎ, ವಿಜಿಎ ಇವುಗಳಲ್ಲಿ ಯಾವುದು ಅಂತ ಕೇಳುತ್ತಿದ್ದವು. ತಪ್ಪು ಒತ್ತಿದರೆ ಪರದೆ ಕಲಸುಮೇಲೋಗರ. ಮತ್ತೆ ಶುರು ಮಾಡಿ ಇನ್ನೊಂದು ಒತ್ತಿದರೆ ಸರಿಹೋಗುತ್ತಿತ್ತು. ಒರಟು ದಾರಿಯೇ, ಆದರೆ ಅದರಲ್ಲೊಂದು ಮರ್ಯಾದೆ ಇತ್ತು. ಯಂತ್ರ ಯಾರದೋ, ತೀರ್ಮಾನ ಅವರದೇ.

1990ರ ದಶಕ ಬರುವ ಹೊತ್ತಿಗೆ ಇದು ಸಾಕಾಗದೇ ಹೋಯ್ತು. ವಿಜಿಎಯ ಮೇಲೆ ಒಬ್ಬೊಬ್ಬ ತಯಾರಕ ಒಂದೊಂದು ಹೊಸ ಸೌಲಭ್ಯ ಸೇರಿಸಿದ. ಮನೆಯಲ್ಲಿ ಕಂಪ್ಯೂಟರ್ ಕೊಂಡವರಿಗೆ ತಮ್ಮ ಡಬ್ಬಿಯೊಳಗೆ ಯಾವ ಕಂಪನಿಯ ಚಿಪ್ಪಿದೆ ಅಂತ ಹೇಗೆ ಗೊತ್ತಾಗಬೇಕು? ಹಾಗಾಗಿ ಪ್ರಶ್ನೆಯನ್ನ ಮನುಷ್ಯನಿಗೆ ಕೇಳೋದು ಬಿಟ್ಟು ಯಂತ್ರಕ್ಕೇ ಕೇಳುವ ವ್ಯವಸ್ಥೆ ಬೇಕಾಯ್ತು. 1992ರಲ್ಲಿ ಇಂಟೆಲ್ ಮುಂದೆ ತಂದ ಪಿಸಿಐ ಎಂಬ ಜೋಡಣೆಯಲ್ಲಿ ಆ ವ್ಯವಸ್ಥೆ ಇತ್ತು. ಅದರಲ್ಲಿ ಪ್ರತಿ ಕಾರ್ಡಿಗೂ ಎರಡು ಸಂಖ್ಯೆ. ಒಂದು ತಯಾರಕರದ್ದು, ಇನ್ನೊಂದು ಆ ಮಾದರಿಯದ್ದು. ಮನೆತನದ ಹೆಸರು, ಸ್ವಂತ ಹೆಸರು ಇದ್ದ ಹಾಗೆ. ಇಂಟೆಲ್ ತನ್ನ ಹಳೇ ಪ್ರಾಸೆಸರಿನ ನೆನಪಿಗೆ 8086 ಅನ್ನೋದನ್ನೇ ಇಟ್ಟುಕೊಂಡಿತು. ಎನ್‌ವಿಡಿಯಾದ್ದು 10ಡಿಇ, ಆಮೇಲೆ ಎಎಂಡಿ ಪಾಲಾದ ಎಟಿಐನದ್ದು 1002. ಇವತ್ತಿಗೂ ನಿಮ್ಮ ಲ್ಯಾಪ್‌ಟಾಪಿನ ಡಿವೈಸ್ ಮ್ಯಾನೇಜರ್ ತೆಗೆದು ಕಾರ್ಡಿನ ವಿವರದಲ್ಲಿ ಹಾರ್ಡ್‌ವೇರ್ ಐಡಿ ನೋಡಿದರೆ ಇವೇ ಸಂಖ್ಯೆಗಳು ಕಾಣುತ್ತವೆ.

ಸಂಖ್ಯೆ ಸಿಕ್ಕಿತು ಅಂದ ಮಾತ್ರಕ್ಕೆ ಕೆಲಸ ಆಗಲಿಲ್ಲ. ಕಾರ್ಡಿನ ಜೊತೆ ಮಾತಾಡಲು ಡ್ರೈವರ್ ಬೇಕು, ಆ ಡ್ರೈವರ್ ಗೇಮು ಕೇಳಿದ್ದನ್ನ ಮಾಡಬೇಕು. 1994ರ ಕ್ರಿಸ್‌ಮಸ್ ಹೊತ್ತಿಗೆ ಡಿಸ್ನಿ ಕಂಪನಿ ದಿ ಲಯನ್ ಕಿಂಗ್ ಸಿನಿಮಾದ ಕಥೆಯನ್ನ ಮಕ್ಕಳ ಸಿಡಿಯಾಗಿ ಹೊರತಂತು. ಅದು ಓಡುತ್ತಿದ್ದದ್ದು ವಿಂಡೋಸ್ 3.1ರ ಮೇಲೆ, ಮೈಕ್ರೋಸಾಫ್ಟ್ ಆಗತಾನೇ ಕೊಟ್ಟಿದ್ದ ವಿನ್‌ಜಿ ಎಂಬ ಗ್ರಾಫಿಕ್ಸ್ ಸೌಲಭ್ಯ ಬಳಸಿ. ಅದೇ ಹಬ್ಬಕ್ಕೆ ಕಾಂಪ್ಯಾಕ್ ಕಂಪನಿಯ ಪ್ರೆಸಾರಿಯೊ ಕಂಪ್ಯೂಟರುಗಳೂ ಜೋರಾಗಿ ಮಾರಾಟವಾದವು. ಅವುಗಳಲ್ಲಿದ್ದ ವಿಡಿಯೊ ಡ್ರೈವರನ್ನ ವಿನ್‌ಜಿ ಜೊತೆ ಯಾರೂ ಪರೀಕ್ಷೆ ಮಾಡಿರಲಿಲ್ಲ. ಹಬ್ಬದ ಬೆಳಿಗ್ಗೆ ಮಕ್ಕಳು ಉಡುಗೊರೆ ಬಿಚ್ಚಿ ಸಿಡಿ ಹಾಕಿದರೆ ಕಂಪ್ಯೂಟರೇ ನಿಂತುಹೋಯ್ತು. ಅಳುವ ಮಕ್ಕಳನ್ನ ಪಕ್ಕದಲ್ಲಿಟ್ಟುಕೊಂಡು ಅಪ್ಪ ಅಮ್ಮಂದಿರು ಸಹಾಯವಾಣಿಗೆ ಮುಗಿಬಿದ್ದರು. ಗೇಮು ಬರೆಯುವವರಿಗೆ ವಿಂಡೋಸ್ ಮೇಲೆ ಇದ್ದ ಚೂರುಪಾರು ನಂಬಿಕೆಯೂ ಹೋಯ್ತು.

ಮರುವರ್ಷ, 1995ರಲ್ಲಿ, ಮೈಕ್ರೋಸಾಫ್ಟಿನ ಅಲೆಕ್ಸ್ ಸೇಂಟ್ ಜಾನ್, ಕ್ರೇಗ್ ಐಸ್ಲರ್, ಎರಿಕ್ ಎಂಗ್‌ಸ್ಟ್ರಾಮ್ ಎಂಬ ಮೂವರು ಸೇರಿ ಕಟ್ಟಿದ ಡೈರೆಕ್ಟ್‌ಎಕ್ಸ್ ಹೊರಬಂತು. 1996ರಲ್ಲಿ ಅದಕ್ಕೆ ಡೈರೆಕ್ಟ್‌3ಡಿ ಸೇರಿತು. ಇದರ ಯೋಚನೆ ಸರಳ: ಗೇಮು ಕಾರ್ಡಿನ ಜೊತೆ ನೇರ ಮಾತಾಡುವುದು ಬೇಡ, ನಡುವೆ ಒಬ್ಬ ದುಭಾಷಿ ಇರಲಿ. ಗೇಮು ಅವನನ್ನ "ಈ ಯಂತ್ರದಲ್ಲಿ ಏನೇನು ಆಗುತ್ತೆ?" ಅಂತ ಕೇಳಲಿ. ಗಮನಿಸಿ, ಪ್ರಶ್ನೆ ಇಲ್ಲಿ ಬದಲಾಯ್ತು. ಯಾರ ಪೈಕಿ ಅಂತ ಕೇಳುವ ಬದಲು ನಿನ್ನಿಂದ ಏನಾಗುತ್ತೆ ಅಂತ ಕೇಳುವ ದಾರಿ ತೆರೆಯಿತು. ಆದರೆ ಆ ದಾರೀಲಿ ಎಲ್ಲರೂ ನಡೆಯಲಿಲ್ಲ, ಯಾಕಂದರೆ ಅದೇ ವರ್ಷ ಇನ್ನೊಬ್ಬ ಬಂದ.

ಅವನ ಹೆಸರು ವೂಡೂ. 3ಡಿಎಫ್‌ಎಕ್ಸ್ ಎಂಬ ಕಂಪನಿ 1996ರಲ್ಲಿ ತಂದ ಈ ಕಾರ್ಡು ಆಗಿನ ಲೆಕ್ಕಕ್ಕೆ ಮಾಯೆಯೇ ಸರಿ. ಮೂರು ಆಯಾಮದ ಗೇಮುಗಳು ಅದರ ಮೇಲೆ ನೀರು ಹರಿದ ಹಾಗೆ ಓಡುತ್ತಿದ್ದವು. ಆದರೆ ಅದಕ್ಕೆ ಬರುತ್ತಿದ್ದದ್ದು 3ಡಿ ಮಾತ್ರ. ವಿಂಡೋಸಿನ ಮಾಮೂಲಿ ಪರದೆ ತೋರಿಸಲು ಬರುತ್ತಿರಲಿಲ್ಲ. ಹಾಗಾಗಿ ಮನೆಯಲ್ಲಿದ್ದ ಹಳೇ ಕಾರ್ಡನ್ನ ಹಾಗೇ ಇಟ್ಟು, ಅದರ ಹಿಂದಿನಿಂದ ಒಂದು ಗಿಡ್ಡ ಕೇಬಲ್ ಎಳೆದು ವೂಡೂಗೆ ಸಿಕ್ಕಿಸಿ, ವೂಡೂನಿಂದ ಮಾನಿಟರಿಗೆ ಇನ್ನೊಂದು ಕೇಬಲ್ ಹಾಕಬೇಕಿತ್ತು. ಗೇಮು ಶುರುವಾದರೆ ಕೆಲವು ಕಾರ್ಡುಗಳೊಳಗಿನ ರಿಲೇ "ಟಿಕ್" ಅನ್ನುತ್ತಿತ್ತು. ಪರದೆ ಹಳಬನ ಕೈಯಿಂದ ಹೊಸಬನ ಕೈಗೆ ಹೋಯ್ತು ಅಂತ ಅರ್ಥ. ಇವತ್ತು ನಿಮ್ಮ ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್ಪಿದೆ ಅಂದರೆ ಆಶ್ಚರ್ಯಪಡಬೇಡಿ. ಒಂದೇ ಡಬ್ಬಿಯಲ್ಲಿ ಇಬ್ಬರು ಸಂಸಾರ ಮಾಡಿದ್ದು ಇದೇ ಮೊದಲಲ್ಲ. ಆದರೆ ಆಗ ಯಾರು ಕೆಲಸದಲ್ಲಿದ್ದಾರೆ ಅನ್ನೋದು ಕಿವಿಗೆ ಕೇಳಿಸುತ್ತಿತ್ತು.

ವೂಡೂ ಜೊತೆ ಬಂದದ್ದು ಗ್ಲೈಡ್ ಎಂಬ ಅದರದೇ ಭಾಷೆ. ಎಷ್ಟೋ ಗೇಮುಗಳು ಅದರಲ್ಲೇ ಬರೆಸಿಕೊಂಡವು. ಅವು ಕೇಳುತ್ತಿದ್ದ ಪ್ರಶ್ನೆ ಮತ್ತೆ ಹಳೆಯದೇ: ನೀನು 3ಡಿಎಫ್‌ಎಕ್ಸ್ ಪೈಕಿಯವನೋ ಅಲ್ಲವೋ? ಅಲ್ಲ ಅಂದರೆ ಚೆಂದದ ಚಿತ್ರ ನಿನಗಿಲ್ಲ. ನಾಲ್ಕೇ ವರ್ಷ. 1999ರಲ್ಲಿ ಎನ್‌ವಿಡಿಯಾ ಜಿಫೋರ್ಸ್ 256 ತಂದಿತು. 2000ನೇ ಇಸವಿ ಡಿಸೆಂಬರಿನಲ್ಲಿ 3ಡಿಎಫ್‌ಎಕ್ಸ್ ತನ್ನ ಆಸ್ತಿಯನ್ನೆಲ್ಲ ಅದೇ ಎನ್‌ವಿಡಿಯಾಗೆ ಮಾರಿಕೊಂಡು ಅಂಗಡಿ ಮುಚ್ಚಿತು. ಆ ಮನೆತನದ ಹೆಸರನ್ನೇ ಹುಡುಕುತ್ತಿದ್ದ ಗೇಮುಗಳು ಅನಾಥವಾದವು. ಹತ್ತು ಪಟ್ಟು ಶಕ್ತಿಯ ಹೊಸ ಕಾರ್ಡು ಎದುರಿಗೇ ಇದ್ದರೂ ಅವಕ್ಕೆ ಕಾಣುತ್ತಿರಲಿಲ್ಲ. ಕೊನೆಗೆ ಹವ್ಯಾಸಿಗಳು ಕೂತು ಎನ್‌ಗ್ಲೈಡ್ ಥರದ ಸಣ್ಣ ಅನುವಾದಕಗಳನ್ನ ಬರೆದರು. ಅವು ಗೇಮಿಗೆ "ಹೌದಪ್ಪ, ನಾನು ವೂಡೂನೇ" ಅಂತ ಸುಳ್ಳು ಹೇಳಿ ಕೆಲಸವನ್ನ ಹೊಸ ಕಾರ್ಡಿನಿಂದ ಮಾಡಿಸುತ್ತವೆ.

ಇದಾದ ಮೇಲಾದರೂ ಪಾಠ ಕಲಿತರಾ? ಎಲ್ಲಿಂದ! ಪಟ್ಟಿಗಳ ಕಾಲ ಶುರುವಾದದ್ದೇ ಆಮೇಲೆ.

2001ರಲ್ಲಿ ಒಂದು ತಮಾಷೆ ಆಯ್ತು. ಎಟಿಐನ ರೇಡಿಯಾನ್ 8500 ಕಾರ್ಡು ಕ್ವೇಕ್ 3 ಎಂಬ ಗೇಮಿನಲ್ಲಿ ಒಳ್ಳೇ ವೇಗ ತೋರಿಸುತ್ತಿತ್ತು. ಯಾರಿಗೋ ಅನುಮಾನ ಬಂದು ಗೇಮಿನೊಳಗೆ ಕ್ವೇಕ್ ಎಂಬ ಹೆಸರಿದ್ದ ಕಡೆಯೆಲ್ಲ ಕ್ವ್ಯಾಕ್ ಅಂತ ಬದಲಿಸಿ ಓಡಿಸಿದರು. ವೇಗ ಇಳಿಯಿತು, ಚಿತ್ರದ ಗುಣಮಟ್ಟ ಏರಿತು! ಅಂದರೆ ಡ್ರೈವರ್ ಗೇಮಿನ ಹೆಸರು ನೋಡಿ, ಇವನು ನಮಗೆ ಬೇಕಾದವನು ಅಂತ ಗುರುತು ಹಿಡಿದು, ಗುಟ್ಟಾಗಿ ಚಿತ್ರವನ್ನ ಸ್ವಲ್ಪ ಮಸುಕು ಮಾಡಿ ಓಟ ಹೆಚ್ಚಿಸುತ್ತಿತ್ತು. ಗೇಮು ಕಾರ್ಡಿನ ಮನೆತನ ಕೇಳುತ್ತಿದ್ದರೆ, ಇತ್ತ ಡ್ರೈವರು ಗೇಮಿನ ಮನೆತನ ಕೇಳಲು ಕಲಿತಿತ್ತು. ಈ ಅಭ್ಯಾಸ ಮುಂದೆ ಲ್ಯಾಪ್‌ಟಾಪಿನ ಕಥೆಯಲ್ಲಿ ಮತ್ತೆ ಬರುತ್ತೆ, ನೆನಪಿಟ್ಟುಕೊಳ್ಳಿ.

2008ರ ಕೊನೆಗೆ ಪಿಸಿಗೆ ಬಂದ ಜಿಟಿಎ 4, ಆಮೇಲಿನ ವರ್ಷಗಳ ಕಾರ್ಡುಗಳಲ್ಲಿ ಎಷ್ಟು ಮೆಮೊರಿ ಇದೆ ಅನ್ನೋದನ್ನ ತಪ್ಪಾಗಿ ಲೆಕ್ಕ ಹಾಕಿ, ಸೆಟ್ಟಿಂಗ್ಸ್ ಏರಿಸಲು ಬಿಡದೆ ಸತಾಯಿಸುತ್ತಿತ್ತು. ಆಡುವವರೇ ಕಮಾಂಡ್‌ಲೈನಿನಲ್ಲಿ ಸಾಲು ಬರೆದು ಅದನ್ನ ಒಪ್ಪಿಸಬೇಕಿತ್ತು. 2009ರ ದಿ ಸಿಮ್ಸ್ 3 ಇನ್ನೂ ನೇರ. ಅದರ ಫೋಲ್ಡರಿನಲ್ಲಿ ಒಂದು ಪಠ್ಯ ಕಡತವಿದೆ, ಅದರ ತುಂಬಾ ಗ್ರಾಫಿಕ್ಸ್ ಕಾರ್ಡುಗಳ ಹೆಸರು. ಗೇಮು ಶುರುವಾದಾಗ ನಿಮ್ಮ ಕಾರ್ಡಿನ ಹೆಸರು ಆ ಪಟ್ಟಿಯಲ್ಲಿದೆಯೋ ನೋಡುತ್ತೆ. 2009ರ ಪಟ್ಟಿಯಲ್ಲಿ 2015ರ ಕಾರ್ಡು ಇರಲು ಹೇಗೆ ಸಾಧ್ಯ? ಸಿಗದಿದ್ದರೆ ಗೇಮು ತನ್ನ ದಾಖಲೆಯಲ್ಲಿ "ಸಿಕ್ಕಿದ್ದು: 0" ಅಂತ ಬರೆದುಕೊಂಡು, ಗಿಗಾಬೈಟುಗಟ್ಟಲೆ ಮೆಮೊರಿ ಇರುವ ಕಾರ್ಡಿಗೂ ಬರೀ 32 ಎಂಬಿ ಅಂತ ಲೆಕ್ಕ ಹಾಕುತ್ತಿತ್ತು. ಪರಿಹಾರ? ನೋಟ್‌ಪ್ಯಾಡಿನಲ್ಲಿ ಆ ಕಡತ ತೆರೆದು ನಿಮ್ಮ ಕಾರ್ಡಿನ ಹೆಸರನ್ನ ನೀವೇ ಸೇರಿಸೋದು. ಸೇರಿಸಿದ ಕೂಡಲೇ ಗೇಮಿಗೆ ಎಲ್ಲ ಕಾಣುತ್ತಿತ್ತು. ಕಾರ್ಡು ಅದೇ, ಅದರ ಶಕ್ತಿಯೂ ಅದೇ, ಪಟ್ಟಿಯಲ್ಲಿ ಒಂದು ಸಾಲು ಹೆಚ್ಚಾಯ್ತು ಅಷ್ಟೇ.

ನಮ್ಮ ಕಡೆಯ ಕಾಲೇಜುಗಳಲ್ಲಿ ಬಿಇ ಮುಗಿಸಿ ಬೆಂಗಳೂರಿಗೆ ಬಂದವರಿಗೆ ಈ ಕಡತದ ಕಥೆ ಬೇಗ ಅರ್ಥವಾಗುತ್ತೆ. ನಮ್ಮ ಬ್ಯಾಚಿನ ಹುಡುಗರು ಒಂದು ಕಂಪನಿಯ ಅರ್ಜಿ ತುಂಬುತ್ತಿದ್ದಾಗ ಕಾಲೇಜಿನ ಹೆಸರು ಆರಿಸಲು ಒಂದು ಪಟ್ಟಿ ಬಂತು. ಅದರಲ್ಲಿ ನಮ್ಮ ಕಾಲೇಜು ಇರಲಿಲ್ಲ. ಕೊನೆಯಲ್ಲಿ "ಇತರೆ" ಅಂತ ಇತ್ತು, ಅದನ್ನೇ ಒತ್ತಿದೆವು. "ಇತರೆ" ಒತ್ತಿದವರಿಗೆ ಯಾರಿಗೂ ಕರೆ ಬರಲಿಲ್ಲ. ಮುಂದೆ ಅದೇ ಹುಡುಗರು ಬೇರೆ ಬೇರೆ ಕಡೆ ಸೇರಿ ದೊಡ್ಡ ದೊಡ್ಡ ಸಿಸ್ಟಮ್ಮುಗಳನ್ನೇ ನಡೆಸುತ್ತಿದ್ದಾರೆ. ಆ ಅರ್ಜಿಯ ಹಿಂದಿದ್ದ ಪ್ರೋಗ್ರಾಮಿಗೆ ಕೆಟ್ಟ ಉದ್ದೇಶವೇನೂ ಇರಲಿಕ್ಕಿಲ್ಲ. ಪಟ್ಟಿಯಲ್ಲಿಲ್ಲದ್ದನ್ನ ಏನು ಮಾಡಬೇಕು ಅಂತ ಬರೆದವನು ಯೋಚಿಸಿರಲಿಲ್ಲ, ಸಿಮ್ಸ್ 3 ಥರಾನೇ.

ಈಗ ಲ್ಯಾಪ್‌ಟಾಪಿಗೆ ಬರೋಣ.

ದೊಡ್ಡ ಗ್ರಾಫಿಕ್ಸ್ ಚಿಪ್ಪು ಅಂದರೆ ಕಾವು, ಕರೆಂಟು ಎರಡೂ ಜಾಸ್ತಿ. ಮೇಜಿನ ಮೇಲಿನ ಕಂಪ್ಯೂಟರಿಗೆ ಅದೇನೂ ದೊಡ್ಡದಲ್ಲ. ಬ್ಯಾಟರಿ ಮೇಲೆ ಬದುಕುವ ಲ್ಯಾಪ್‌ಟಾಪಿಗೆ, ಅದರಲ್ಲೂ ಹೊಸಪೇಟೆಯ ಏಪ್ರಿಲ್ ತಿಂಗಳಲ್ಲಿ ತೊಡೆ ಮೇಲಿಟ್ಟುಕೊಳ್ಳುವ ಲ್ಯಾಪ್‌ಟಾಪಿಗೆ, ಇದು ಜೀವದ ಪ್ರಶ್ನೆ. ಹಾಗಾಗಿ ಮಾಮೂಲಿ ಕೆಲಸಕ್ಕೊಂದು ಸಣ್ಣ ಚಿಪ್ಪು, ಗೇಮಿಗೊಂದು ದೊಡ್ಡದು, ಎರಡನ್ನೂ ಇಡುವ ಯೋಚನೆ ಬಂತು. 2006ರಲ್ಲಿ ಸೋನಿ ವಯೊ ಎಸ್‌ಜಡ್ ಸರಣಿಯ ಲ್ಯಾಪ್‌ಟಾಪುಗಳಲ್ಲಿ ಕೀಬೋರ್ಡಿನ ಮೇಲೇ ಒಂದು ಸ್ವಿಚ್ಚಿತ್ತು. ಒಂದು ಕಡೆ ಸ್ಟ್ಯಾಮಿನಾ, ಇನ್ನೊಂದು ಕಡೆ ಸ್ಪೀಡ್. ಸ್ವಿಚ್ ಸರಿಸಿ ಕಂಪ್ಯೂಟರನ್ನ ಮತ್ತೆ ಶುರು ಮಾಡಬೇಕು. 2008ರ ಮ್ಯಾಕ್‌ಬುಕ್ ಪ್ರೊದಲ್ಲಿ ಲಾಗ್‌ಔಟ್ ಆಗಿ ಬಂದರೆ ಸಾಕಿತ್ತು. ತೊಂದರೆಯೇನೋ ಇತ್ತು, ಆದರೆ ಇಲ್ಲೂ ತೀರ್ಮಾನ ಯಜಮಾನನದ್ದು.

2010ರ ಶುರುವಿಗೆ ಇಂಟೆಲ್ ತನ್ನ ಗ್ರಾಫಿಕ್ಸನ್ನ ಪ್ರಾಸೆಸರಿನ ಜೊತೆಗೇ ಕಟ್ಟಿಕೊಡಲು ಶುರು ಮಾಡಿತು, 2011ರಲ್ಲಿ ಎರಡನ್ನೂ ಒಂದೇ ಚಿಪ್ಪಿನೊಳಗೆ ಕೂರಿಸಿತು. ಅಲ್ಲಿಂದಾಚೆಗೆ ಹೆಚ್ಚುಕಡಿಮೆ ಎಲ್ಲ ಲ್ಯಾಪ್‌ಟಾಪಿನಲ್ಲೂ ಒಂದು ಸಣ್ಣ ಗ್ರಾಫಿಕ್ಸ್ ಪುಕ್ಕಟೆಯಾಗಿ ಇದ್ದೇ ಇರುತ್ತೆ. ಎನ್‌ವಿಡಿಯಾ 2010ರ ಫೆಬ್ರವರಿಯಲ್ಲಿ ಆಪ್ಟಿಮಸ್ ಎಂಬ ತಂತ್ರ ಹೊರತಂದಿತು. ಸ್ವಿಚ್ ಬೇಡ, ರೀಸ್ಟಾರ್ಟ್ ಬೇಡ, ಯಾವಾಗ ಯಾರು ದುಡಿಯಬೇಕು ಅಂತ ಡ್ರೈವರೇ ನೋಡಿಕೊಳ್ಳುತ್ತೆ ಅಂದರು.

ಇದು ಹೇಗೆ ನಡೆಯುತ್ತೆ ಅಂತ ತಿಳಿಯಲು ನಮ್ಮ ತುಂಗಭದ್ರಾ ಡ್ಯಾಮನ್ನೇ ನೆನೆಸಿಕೊಳ್ಳಿ. ನೀರು ನಿಂತಿರುವುದು ಡ್ಯಾಮಿನಲ್ಲಿ. ಗದ್ದೆಗೆ ಬರುವುದು ಕಾಲುವೆಯಲ್ಲಿ, ತೂಬಿನ ಮೂಲಕ. ಆಪ್ಟಿಮಸ್ ಲ್ಯಾಪ್‌ಟಾಪಿನಲ್ಲಿ ಪರದೆಯ ತಂತಿ ಜೋಡಿಸಿರುವುದು ಇಂಟೆಲಿನ ಸಣ್ಣ ಚಿಪ್ಪಿಗೆ. ದೊಡ್ಡ ಚಿಪ್ಪಿಗೆ ಪರದೆಯ ಜೊತೆ ನೇರ ಸಂಬಂಧವೇ ಇಲ್ಲ. ಅದು ಚಿತ್ರ ಬಿಡಿಸಿ ಇಂಟೆಲಿನ ಕೈಗೆ ಕೊಡುತ್ತೆ, ಇಂಟೆಲ್ ಪರದೆಗೆ ಹರಿಸುತ್ತೆ. ವೂಡೂ ಕಾಲದಲ್ಲಿ ಚಿಕ್ಕವನ ಚಿತ್ರ ದೊಡ್ಡವನ ಮೂಲಕ ಹೋಗುತ್ತಿತ್ತು, ಈಗ ಉಲ್ಟಾ. ಗದ್ದೆಯಲ್ಲಿ ನಿಂತವನಿಗೆ ತೂಬು ಕಾಣುತ್ತೆ, ಡ್ಯಾಮು ಕಾಣಲ್ಲ. ಗೇಮಿನ ಪಾಡೂ ಅದೇ. ಗೇಮು ವಿಂಡೋಸನ್ನ "ಇಲ್ಲಿರುವ ಕಾರ್ಡುಗಳು ಯಾವುವು?" ಅಂತ ಕೇಳಿದಾಗ ಪಟ್ಟಿಯಲ್ಲಿ ಮೊದಲು ಬರೋದು ಪರದೆ ಯಾರ ಕೈಲಿದೆಯೋ ಅವರ ಹೆಸರು. ಎಷ್ಟೋ ಗೇಮುಗಳು ಮೊದಲ ಹೆಸರನ್ನೇ ಹಿಡಿದುಕೊಂಡು ಮುಂದೆ ನೋಡಲ್ಲ. ಇಂಟೆಲಿನ ಆ ಚಿಪ್ಪಿಗೆ ಸ್ವಂತದ್ದು ಅಂತ ಇರೋ ಮೆಮೊರಿ ಎಷ್ಟು ಅಂದರೆ ಸಾಮಾನ್ಯವಾಗಿ 128 ಎಂಬಿ ಅನ್ನುತ್ತೆ, ಉಳಿದದ್ದೆಲ್ಲ ಕಂಪ್ಯೂಟರಿನ ರ‍್ಯಾಮಿನಿಂದ ಕಡ. ಗೇಮಿಗೆ ಅಷ್ಟು ಸಾಕು, "ಮೆಮೊರಿ ಸಾಲದು" ಅಂತ ಬಾಗಿಲು ಹಾಕುತ್ತೆ.

ಹಾಗಿದ್ದರೆ ದೊಡ್ಡ ಚಿಪ್ಪು ಏಳುವುದು ಯಾವಾಗ? ಇಲ್ಲೇ ನೀರಗಂಟಿ ಬರುವುದು. ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕು ಅಂತ ಅವನ ಹತ್ತಿರ ಲೆಕ್ಕ ಇರುತ್ತಲ್ಲ, ಹಾಗೆ ಎನ್‌ವಿಡಿಯಾ ಡ್ರೈವರಿನ ಹತ್ತಿರ ಗೇಮುಗಳ ಹೆಸರಿನ ಒಂದು ಪಟ್ಟಿ ಇದೆ. ಶುರುವಾದ ಪ್ರೋಗ್ರಾಮಿನ ಕಡತದ ಹೆಸರು ಅದರಲ್ಲಿದ್ದರೆ ದೊಡ್ಡ ಚಿಪ್ಪು ಏಳುತ್ತೆ. ಹೆಸರಾಂತ ಗೇಮುಗಳೆಲ್ಲ ಪಟ್ಟಿಯಲ್ಲಿವೆ. ಇಬ್ಬರು ಮೂವರು ಸೇರಿ ಮಾಡಿದ ಸಣ್ಣ ಗೇಮು, ತೀರಾ ಹಳೇ ಗೇಮು, ನೀವೇ ಕಾಲೇಜಿನಲ್ಲಿ ಬರೆದ ಪ್ರಾಜೆಕ್ಟು ಇವ್ಯಾವುವೂ ಇಲ್ಲ. ಕಾಲುವೆಯ ಕೊನೆ ಭಾಗದ ಗದ್ದೆ ಇದ್ದ ಹಾಗೆ, ಡ್ಯಾಮು ತುಂಬಿದ್ದರೂ ನೀರು ಬರಲ್ಲ.

ಹೋದ ವರ್ಷ ಕಂಪ್ಲಿಯಿಂದ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ಬಿಇ ಎರಡನೇ ವರ್ಷ. ಲ್ಯಾಪ್‌ಟಾಪು ಕಂತಿನ ಮೇಲೆ ತಗೊಂಡದ್ದು, ಕಂತು ಕಟ್ಟೋದು ಭತ್ತದ ದುಡ್ಡಿನಲ್ಲಿ. "ಅಣ್ಣಾ, ಗೇಮು ಕಾರ್ಡೇ ಇಲ್ಲ ಅಂತೈತೆ. ಅಂಗಡಿಯವರು ಕಾರ್ಡು ಸತ್ತೈತೆ, ಬೋರ್ಡು ಬದಲು ಮಾಡಬೇಕು, ಎಂಟು ಸಾವಿರ ಅಂತಾರ. ಅಪ್ಪಗ ಹೆಂಗ್ ಹೇಳ್ಲಿ?" ಅಂದ. ಗೇಮು ಓಡಿಸಿ ಹಾಗೇ ಬಿಟ್ಟು, ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್ ಪುಟ ನೋಡು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಣ್ಣಾ, ಇಲ್ಲಿ ಇಬ್ಬರು ಅದಾರ. ಜಿಪಿಯು 0 ಇಂಟೆಲ್ಲು, ನೂರಕ್ಕ ನೂರು ದುಡಿಯಾಕತ್ತೈತೆ. ಜಿಪಿಯು 1 ಎನ್‌ವಿಡಿಯಾ, ಸೊನ್ನೆ ಐತೆ. ಸುಮ್ನ ಕುಂತೈತೆ!" ಅಂದ.

ಸತ್ತ ಚಿಪ್ಪಿನ ಹೆಸರು ಅಲ್ಲಿ ಬರುತ್ತಲೇ ಇರಲಿಲ್ಲ. ಎರಡು ನಿಮಿಷದಲ್ಲಿ ಸೆಟ್ಟಿಂಗ್ ಬದಲಾಯ್ತು, ಗೇಮು ಓಡಿತು. ಎಂಟು ಸಾವಿರ ಉಳಿಯಿತು. ಅಂಗಡಿಯವರು ಬೇಕಂತ ಹೇಳಿದರೋ ಗೊತ್ತಿಲ್ಲದೆ ಹೇಳಿದರೋ ಅನ್ನೋ ಚರ್ಚೆ ಬೇಡ. ಗೇಮೇ "ಕಾರ್ಡ್ ಇಲ್ಲ" ಅಂದರೆ ಪಾಪ ಅವರಾದರೂ ಏನು ಮಾಡಿಯಾರು? ಸುಳ್ಳು ಹುಟ್ಟಿದ್ದು ಅಂಗಡಿಯಲ್ಲಲ್ಲ, ಗೇಮಿನೊಳಗೆ.

ಈ ಕಷ್ಟ ನಮಗೊಬ್ಬರಿಗೇ ಅಂದುಕೊಳ್ಳಬೇಡಿ. ಲಿನಕ್ಸ್ ಬಳಸುವವರ ಪಾಡು ಇನ್ನೂ ಕಷ್ಟವಿತ್ತು. ಎನ್‌ವಿಡಿಯಾ ಆಪ್ಟಿಮಸ್ಸನ್ನ ಶುರುವಿನಲ್ಲಿ ಲಿನಕ್ಸಿಗೆ ಕೊಡಲಿಲ್ಲ. 2010ರಲ್ಲಿ ಡೇವ್ ಏರ್ಲಿ ಎಂಬ ಕರ್ನಲ್ ಪ್ರೋಗ್ರಾಮರ್ ಎರಡು ಚಿಪ್ಪುಗಳನ್ನ ಕೂಡಿಸುವ ಕೆಲಸ ಶುರು ಮಾಡಿ ಅದಕ್ಕೆ ಪ್ರೈಮ್ ಅಂತ ಹೆಸರಿಟ್ಟ. ಟ್ರಾನ್ಸ್‌ಫಾರ್ಮರ್ಸಿನ ಆಪ್ಟಿಮಸ್ ಪ್ರೈಮ್ ನೆನಪಾಗಿ ನಗು ಬಂದರೆ ಅದು ಬರಲಿ ಅಂತಲೇ ಇಟ್ಟ ಹೆಸರು. 2011ರಲ್ಲಿ ಹವ್ಯಾಸಿಗಳು ಬಂಬಲ್‌ಬೀ ಅಂತ ಇನ್ನೊಂದು ಕಟ್ಟಿದರು. 2012ರ ಜೂನಿನಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದಲ್ಲಿ ಸಭಿಕರೊಬ್ಬರು ತಮ್ಮ ಆಪ್ಟಿಮಸ್ ಲ್ಯಾಪ್‌ಟಾಪಿನ ಗೋಳು ಹೇಳಿಕೊಂಡಾಗಲೇ ಲಿನಕ್ಸ್ ಜನಕ ಲೈನಸ್ ಟೊರ್ವಾಲ್ಡ್ಸ್ ಕ್ಯಾಮೆರಾ ಕಡೆ ತಿರುಗಿ ಎನ್‌ವಿಡಿಯಾಗೆ ನಡುಬೆರಳು ತೋರಿಸಿದ್ದು. ಆ ಚಿತ್ರವನ್ನ ಮೀಮುಗಳಲ್ಲಿ ನೋಡದ ಇಂಜಿನಿಯರ್ ಇರಲಿಕ್ಕಿಲ್ಲ. ಸಿಟ್ಟಿನ ಮೂಲದಲ್ಲಿದ್ದದ್ದು ಇದೇ, ದುಡ್ಡು ಕೊಟ್ಟು ಕೊಂಡ ಚಿಪ್ಪು ಎದುರಿಗಿದ್ದೂ ಇಲ್ಲದ ಹಾಗೆ ಇರೋದು. ಹತ್ತು ವರ್ಷದ ಮೇಲೆ, 2022ರ ಮೇ ತಿಂಗಳಲ್ಲಿ, ಎನ್‌ವಿಡಿಯಾ ತನ್ನ ಲಿನಕ್ಸ್ ಕರ್ನಲ್ ಡ್ರೈವರಿನ ಸೋರ್ಸ್ ಕೋಡನ್ನ ಮುಕ್ತವಾಗಿ ಬಿಟ್ಟಿತು.

ಇದಕ್ಕೆ ಪೂರ್ತಿ ಉಲ್ಟಾ ಇರುವ ಒಂದು ಜಾಗ ನಮ್ಮ ಸಂಡೂರು ತಾಲ್ಲೂಕಿನಲ್ಲೇ ಇದೆ. ತೋರಣಗಲ್ಲಿನ ವಿದ್ಯಾನಗರ ಟೌನ್‌ಶಿಪ್ಪಿನ ಕಲಾಧಾಮದಲ್ಲಿ ಪ್ಲೇಸ್-ಹಂಪಿ ಎಂಬ ಪ್ರದರ್ಶನ ಇದೆ. ಸಾರಾ ಕೆಂಡರ್‌ಡೈನ್, ಜೆಫ್ರಿ ಶಾ ರೂಪಿಸಿ, ಛಾಯಾಗ್ರಾಹಕ ಜಾನ್ ಗಾಲಿಂಗ್ಸ್ ಜೊತೆಗೂಡಿ ಮಾಡಿದ್ದು. 2006ರಲ್ಲಿ ಯುರೋಪಿನಲ್ಲಿ ಮೊದಲು ತೋರಿಸಿ, 2012ರಲ್ಲಿ ಇಲ್ಲಿ ನೆಲೆಯಾಯ್ತು. ದುಂಡನೆಯ ದೊಡ್ಡ ಪರದೆ, ನಡುವೆ ತಿರುಗುವ ವೇದಿಕೆ, ಕಣ್ಣಿಗೆ 3ಡಿ ಕನ್ನಡಕ. ನೀವು ತಿರುಗಿದ ಕಡೆ ಹಂಪಿ ತಿರುಗುತ್ತೆ. ಇಂಥಾ ಕಡೆ "ಕಾರ್ಡ್ ಪತ್ತೆಯಾಗಲಿಲ್ಲ" ಅನ್ನೋ ಪ್ರಶ್ನೆಯೇ ಹುಟ್ಟಲ್ಲ. ಪರದೆ, ಪ್ರೊಜೆಕ್ಟರು, ಕಂಪ್ಯೂಟರು, ಸಾಫ್ಟ್‌ವೇರು ಎಲ್ಲವನ್ನೂ ಒಂದಕ್ಕೊಂದು ಅಂತಲೇ ಜೋಡಿಸಿರುತ್ತಾರೆ. ಅಲ್ಲಿ ಹೊಸಬರೇ ಇಲ್ಲ, ಎಲ್ಲರೂ ಒಂದೇ ಮನೆಯವರು.

ಪ್ಲೇಸ್ಟೇಷನ್ ಥರದ ಗೇಮಿನ ಡಬ್ಬಿಗಳದ್ದೂ ಇದೇ ಸುಖ. 2017ರಲ್ಲಿ ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ ಬಂತು. ನಮ್ಮ ಪಶ್ಚಿಮ ಘಟ್ಟ, ಹೊಯ್ಸಳರ ಕಾಲದ ಗುಡಿಗೋಪುರ, ಬೇಲೂರು ಹಳೇಬೀಡಿನ ಹೆಸರು ಎಲ್ಲಾ ಇರುವ ಗೇಮು. ಪ್ಲೇಸ್ಟೇಷನ್ 4ರಲ್ಲಿ ಅದಕ್ಕೆ ಯಾರ ಮನೆತನವನ್ನೂ ಕೇಳುವ ಅಗತ್ಯವಿರಲಿಲ್ಲ. 2022ರ ಅಕ್ಟೋಬರಿನಲ್ಲಿ ಅದು ಪಿಸಿಗೆ ಬಂದಾಗ ಮಾತ್ರ ಲೆಕ್ಕವಿಲ್ಲದಷ್ಟು ಬಗೆಯ ಕಾರ್ಡು, ಡ್ರೈವರುಗಳ ನಡುವೆ ನಿಂತು ಅದೂ ಮೊದಲು ಗುರುತು ಕೇಳಲೇಬೇಕಾಯ್ತು. ಕನ್ನಡದ ಹುಡುಗನಿಗೆ ಗೇಮಿನಲ್ಲಿ ಹೊಯ್ಸಳರ ಗುಡಿ ಕಾಣುತ್ತೋ ಇಲ್ಲವೋ ಅನ್ನೋದು ಅವನ ಲ್ಯಾಪ್‌ಟಾಪಿನೊಳಗಿನ ಈ ಪ್ರಶ್ನೋತ್ತರದ ಮೇಲೆ ನಿಂತಿದೆ.

ಈಚೆಗೆ ಸುಧಾರಣೆ ಆಗಿದೆ. ಗೇಮು ಬರೆಯುವವರು ತಮ್ಮ ಪ್ರೋಗ್ರಾಮಿನೊಳಗೆ ಒಂದು ಸಣ್ಣ ಗುರುತು ಇಟ್ಟರೆ, ಎನ್‌ವಿಡಿಯಾ ಆಗಲಿ ಎಎಂಡಿ ಆಗಲಿ ಆ ಡ್ರೈವರು ದೊಡ್ಡ ಚಿಪ್ಪನ್ನ ಎಬ್ಬಿಸುತ್ತೆ. ಒಬ್ಬೊಬ್ಬರಿಗೆ ಒಂದೊಂದು ಸಾಲು, ಅಷ್ಟೇ ಕೆಲಸ. 2016ರಲ್ಲಿ ಬಂದ ವಲ್ಕನ್ ಎಂಬ ವ್ಯವಸ್ಥೆ ಯಂತ್ರದಲ್ಲಿರುವ ಎಲ್ಲ ಚಿಪ್ಪುಗಳನ್ನೂ, ಯಾವುದು ಅಂಟಿಕೊಂಡದ್ದು, ಯಾವುದು ಪ್ರತ್ಯೇಕ, ಯಾರಿಂದ ಏನಾಗುತ್ತೆ ಅನ್ನೋದರ ಸಮೇತ ಮುಂದಿಡುತ್ತೆ. 2018ರ ಏಪ್ರಿಲ್ ಅಪ್‌ಡೇಟಿನಲ್ಲಿ ವಿಂಡೋಸ್ 10 ತನ್ನ ಸೆಟ್ಟಿಂಗ್ಸಿನಲ್ಲೇ ಒಂದೊಂದು ಪ್ರೋಗ್ರಾಮಿಗೆ ಯಾವ ಚಿಪ್ಪು ಅಂತ ನಾವೇ ಹೇಳುವ ಅನುಕೂಲ ಕೊಟ್ಟಿತು. ಈಗಿನ ಕೆಲವು ಗೇಮಿಂಗ್ ಲ್ಯಾಪ್‌ಟಾಪುಗಳಲ್ಲಿ ಮಕ್ಸ್ ಸ್ವಿಚ್ ಅಂತ ಬಂದಿದೆ. ಅದು ಪರದೆಯ ತಂತಿಯನ್ನೇ ದೊಡ್ಡ ಚಿಪ್ಪಿಗೆ ತಿರುಗಿಸುತ್ತೆ. 2006ರ ಸೋನಿ ಸ್ವಿಚ್ಚೇ ಸುತ್ತಿ ಬಳಸಿ ಮನೆಗೆ ಬಂತು ಅನ್ನಬಹುದು.

ಹಾಗಾಗಿ ಇದನ್ನ ಓದುತ್ತಿರುವವರಲ್ಲಿ ಕೋಡು ಬರೆಯುವವರಿಗೆ ಒಂದು ಮಾತು. ಗೇಮೇ ಆಗಬೇಕಿಲ್ಲ, ಬ್ಯಾಂಕಿನ ಆ್ಯಪು, ಅರ್ಜಿಯ ಫಾರಮ್ಮು ಏನೇ ಇರಲಿ. ನೀವು ಗೊತ್ತಿರುವವರ ಪಟ್ಟಿ ಮಾಡುವಾಗ, ಪಟ್ಟಿಯಲ್ಲಿಲ್ಲದವರು ಬಂದರೆ ಏನಾಗುತ್ತೆ ಅನ್ನೋ ಸಾಲನ್ನ ಮೊದಲು ಬರೆಯಿರಿ. ನಿಮ್ಮ ಪಟ್ಟಿ ಮುಗಿದ ಮರುದಿನವೇ ಹೊಸ ಕಾರ್ಡು, ಹೊಸ ಕಾಲೇಜು, ಹೊಸ ಊರು ಹುಟ್ಟಿರುತ್ತೆ. ಅವರನ್ನ ಕೊನೆಯ ಸಾಲಿಗೆ ತಳ್ಳುವ ಬದಲು ಒಂದು ಸಣ್ಣ ಕೆಲಸ ಕೊಟ್ಟು ನೋಡಿ. ಅದೂ ಆಗದಿದ್ದರೆ, ಹಳೇ ಡಾಸ್ ಗೇಮಿನ ಹಾಗೆ, ಆಡುವವನನ್ನೇ ಕೇಳಿ.

ಆಡುವವರಿಗೆ ಇನ್ನೊಂದು ಮಾತು. ಗೇಮು ಕಾರ್ಡಿಲ್ಲ ಅಂದ ಕೂಡಲೇ ಅಂಗಡಿಗೆ ಓಡಬೇಡಿ. ಲ್ಯಾಪ್‌ಟಾಪು ಚಾರ್ಜಿಗೆ ಹಾಕಿ. ಡ್ರೈವರನ್ನ ಚಿಪ್ಪು ಮಾಡಿದವರ ಜಾಲತಾಣದಿಂದಲೇ ತಂದು ಹಾಕಿ, ಯಾಕಂದರೆ ಡ್ರೈವರ್ ಇಲ್ಲದಿದ್ದರೆ ಯಾವ ಚಿಪ್ಪೂ ಬಾಯಿ ಬಿಡಲ್ಲ. ಆಮೇಲೆ ಸೆಟ್ಟಿಂಗ್ಸಿನ ಡಿಸ್‌ಪ್ಲೇ ಒಳಗೆ ಗ್ರಾಫಿಕ್ಸ್ ಅಂತ ಇದೆ. ಅಲ್ಲಿ ಗೇಮಿನ ಕಡತ ಸೇರಿಸಿ ಹೈ ಪರ್ಫಾರ್ಮೆನ್ಸ್ ಆರಿಸಿ. ಗೇಮಿನ ಲಾಂಚರ್ ಬೇರೆ, ಗೇಮು ಬೇರೆ. ಸೇರಿಸಬೇಕಾದ್ದು ಗೇಮಿನ ಕಡತವನ್ನ. ಇಷ್ಟಾದ ಮೇಲೆ ಗೇಮು ಓಡುತ್ತಿರುವಾಗಲೇ ಟಾಸ್ಕ್ ಮ್ಯಾನೇಜರಿನಲ್ಲಿ ಜಿಪಿಯು 1 ಎದುರು ಎಷ್ಟು ತೋರಿಸುತ್ತೆ ನೋಡಿ. ಸೊನ್ನೆ ಬಿಟ್ಟು ಬೇರೆ ಏನೇ ಇದ್ದರೂ ನಿಮ್ಮ ಎಂಟು ಸಾವಿರ ನಿಮ್ಮ ಜೇಬಿನಲ್ಲೇ ಇರಲಿ.